ದುಡ್ಡಿಗೆ ಬಂದವರು ದುಡ್ಡು ಬಿಟ್ಟು ಯಾಕೆ ಹೋಗುತ್ತಾರೆ? ಅಸ್ಸಾಂ ಹುಡುಗರ ವಿಷಯ

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆ (ಗೊನೆ) ಕೊಯ್ಲು ಇನ್ನೇನು ಶುರುವಾಗುತ್ತದೆ. ಅದಕ್ಕೆ ಮುಂಚೆ ಒಂದು ವಿಷಯ ಕೇಳಿಬಿಡೋಣ ಅಂತ.

ನಮ್ಮದು ನಾಲ್ಕು ಎಕರೆ ಅಡಿಕೆ. ಊರಿನ ಆಳು ಸಿಗುವುದು ನಿಂತು ಏಳೆಂಟು ವರ್ಷ ಆಯಿತು. ಎರಡು ವರ್ಷದಿಂದ ಅಸ್ಸಾಂನ ಮೂರು ಹುಡುಗರು ಇದ್ದರು, ಬೊಂಗಾಯ್‌ಗಾಂವ್ ಕಡೆಯವರು. ಮರ ಹತ್ತುತ್ತಾರೆ, ಔಷಧಿ ಹೊಡೆಯುತ್ತಾರೆ, ಎದುರು ಮಾತಿಲ್ಲ. ದಿನಕ್ಕೆ 600 ಕೊಡುತ್ತಿದ್ದೆ. ರೂಮು, ಅಕ್ಕಿ, ಕರೆಂಟು ನಮ್ಮದೇ. ತಿಂಗಳಿಗೊಮ್ಮೆ ಅರ್ಧ ಸಂಬಳ ಕೈಗೆ, ಉಳಿದರ್ಧ ಕೊಯ್ಲು ಮುಗಿದ ಮೇಲೆ ಒಟ್ಟಿಗೆ. ಅವರ ಒಳ್ಳೆಯದಕ್ಕೇ. ಪೂರ್ತಿ ಕೊಟ್ಟರೆ ಶನಿವಾರ ಸಂಜೆಗೆ ಖಾಲಿ ಅಲ್ವಾ.

ಕಳೆದ ಜನವರಿ ಎರಡನೇ ವಾರ. ಅಂಗಳದ ತುಂಬ ಅಡಿಕೆ, ಒಲೆ ಮೇಲೆ ಹಂಡೆ, ಅಡಿಕೆ ಬೇಯಿಸುವ ಚೊಗರು ಕುದಿಯುತ್ತಿದೆ. ಬೆಳಿಗ್ಗೆ ನೋಡುತ್ತೇನೆ, ಮೂವರೂ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ. "ಘರ್ ಜಾನಾ ಹೈ ಸೇಠ್." ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ ಅಂದೆ. ಇನ್ನೂರು ಅಂದೆ. ನೆಲ ನೋಡಿಕೊಂಡು ನಿಂತರೇ ಹೊರತು ಒಪ್ಪಲಿಲ್ಲ. ಪೂರ್ತಿ ಲೆಕ್ಕ ಚುಕ್ತಾ ಮಾಡಲಿಲ್ಲ, ಮಾಡಿದರೆ ವಾಪಸ್ ಬರುವುದಿಲ್ಲ ಅಂತ. ಆದರೂ ಹೋದರು. ತಿಂಗಳ ಮೇಲೆ ಇಬ್ಬರು ಬಂದರು. ಮೂರನೆಯವನು ಇವತ್ತಿನ ತನಕ ನಾಪತ್ತೆ. 10 ಸಾವಿರ ಅಡ್ವಾನ್ಸ್ ಅವನ ತಲೆ ಮೇಲೆ ಇದೆ.

ನನಗೆ ಅರ್ಥ ಆಗದ್ದು ಇಷ್ಟೇ. ಇವರು ಮೂರು ಸಾವಿರ ಕಿಲೋಮೀಟರ್ ದೂರದಿಂದ ಬರುವುದೇ ದುಡ್ಡಿಗೆ. ಜಾಸ್ತಿ ದುಡ್ಡು ಕೊಡುತ್ತೇನೆ ಅಂದರೆ ಯಾಕೆ ನಿಲ್ಲುವುದಿಲ್ಲ? ಈ ಸಲ ಏನು ಹೇಳಿ ನಿಲ್ಲಿಸಿಕೊಳ್ಳಬೇಕು?

ಮಳೆಹುಳ

ಎಂತ ಹೇಳಿದರೂ ಅಷ್ಟೇ ಮಾರಾಯ್ರೇ. ನಮ್ಮಲ್ಲಿ ನಾಲ್ಕು ಜನ ರಾತ್ರಿ ಎರಡು ಗಂಟೆಗೆ ಹೋದರು. ಗ್ಯಾಸ್ ಒಲೆ ಸಮೇತ.

ಕೊಪ್ಪ ಕಾಫಿ

ಇವರಿಗೆ ನಿಯತ್ತು ಅಂತ ಇರುವುದಿಲ್ಲ. ಪಕ್ಕದ ಎಸ್ಟೇಟಿನವರು 20 ರೂಪಾಯಿ ಜಾಸ್ತಿ ಅಂದರೆ ಮಧ್ಯಾಹ್ನ ಊಟಕ್ಕೆ ಹೋದವರು ತಿರುಗಿ ಬರುವುದಿಲ್ಲ. ಕೇವಲ ದುಡ್ಡು. ಮೂವತ್ತು ವರ್ಷದಿಂದ ಲೇಬರ್ ನೋಡಿದ್ದೇನೆ.

ಸೊರಬದವಳು

@ಕೊಪ್ಪ ಕಾಫಿ, ತೋಟದಮನೆಯವರು ಹೇಳುತ್ತಿರುವುದು ಇನ್ನೂರು ಜಾಸ್ತಿ ಕೊಟ್ಟರೂ ನಿಲ್ಲಲಿಲ್ಲ ಅಂತ. ನೀವು ಹೇಳುತ್ತಿರುವುದು ಇಪ್ಪತ್ತು ರೂಪಾಯಿಗೆ ಓಡುತ್ತಾರೆ ಅಂತ. ಎರಡರಲ್ಲಿ ಒಂದು ಇಟ್ಟುಕೊಳ್ಳಿ 😄

ಬ್ರಹ್ಮಪುತ್ರ ಕಂಡವ, ಸಾಗರ

ನಾನು ಒಂಬತ್ತು ವರ್ಷ ಗುವಾಹಟಿ, ತೇಜ್‌ಪುರದ ಕಡೆ ಕೆಲಸ ಮಾಡಿದವನು. ಜನವರಿ ಎರಡನೇ ವಾರ ಅಂದ ಕೂಡಲೇ ಗೊತ್ತಾಯಿತು. ಅದು ಬಿಹು ಸ್ವಾಮಿ.

ತೋಟದಮನೆ, ತೀರ್ಥಹಳ್ಳಿ

ಬಿಹು ಏಪ್ರಿಲ್‌ನಲ್ಲಿ ಅಲ್ವಾ? ಆಗಲೂ ಹೋಗಬೇಕು ಅಂದಿದ್ದರು. ಮತ್ತೆ ಎಷ್ಟು ಬಿಹು?

ಬ್ರಹ್ಮಪುತ್ರ ಕಂಡವ, ಸಾಗರ

ಮೂರು. ಏಪ್ರಿಲ್‌ನದ್ದು ಬೊಹಾಗ್, ಕುಣಿತದ ಹಬ್ಬ. ಅಕ್ಟೋಬರ್‌ನದ್ದು ಕಾತಿ, ಗದ್ದೆಯಲ್ಲಿ ದೀಪ ಇಡುತ್ತಾರೆ, ಕಣಜ ಖಾಲಿ ಇರುವ ಹೊತ್ತು. ಜನವರಿಯದ್ದು ಮಾಘ್ ಬಿಹು, ಭೋಗಾಲಿ ಅಂತಲೂ ಅನ್ನುತ್ತಾರೆ. ನಮ್ಮ ಸಂಕ್ರಾಂತಿ ಹೊತ್ತಿಗೇ ಬರುತ್ತದೆ. ಸುಗ್ಗಿ ಮುಗಿದಿರುತ್ತದೆ. ಹಿಂದಿನ ರಾತ್ರಿ ಉರುಕಾ. ಗದ್ದೆಯಲ್ಲೇ ಹುಲ್ಲು, ಬಿದಿರಿನ ಗುಡಿಸಲು ಕಟ್ಟಿ, ಎಲ್ಲರೂ ಒಟ್ಟಿಗೆ ಮೀನು ಬೇಯಿಸಿ ಉಣ್ಣುತ್ತಾರೆ. ಬೆಳಿಗ್ಗೆ ಮೇಜಿ ಅಂತ ಎತ್ತರಕ್ಕೆ ಒಟ್ಟಿದ ಸೌದೆಗೆ ಬೆಂಕಿ ಕೊಡುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗ ಅದನ್ನು ಬಿಟ್ಟು ನಿಮ್ಮ ಅಂಗಳದಲ್ಲಿ ಚೊಗರು ಕಲಕುತ್ತಾ ಕೂರಬೇಕಾ? ನಿಮ್ಮ ಮಗ ಬೆಂಗಳೂರಿಂದ ದೀಪಾವಳಿಗೆ ಬರದಿದ್ದರೆ ಮನೆಯಲ್ಲಿ ಎಷ್ಟು ಗಲಾಟೆ ಆಗುತ್ತದೆ ಹೇಳಿ.

ಇನ್ನೊಂದು. ಅವರು ಮರ ಹತ್ತುವುದು ಇಲ್ಲಿಗೆ ಬಂದು ಕಲಿತದ್ದಲ್ಲ. ಅಸ್ಸಾಂನಲ್ಲಿ ಮನೆ ಹಿತ್ತಲಲ್ಲೆಲ್ಲ ಅಡಿಕೆ ಮರ ಇರುತ್ತದೆ. ತಾಮುಲ್ ಅನ್ನುತ್ತಾರೆ. ಮನೆಗೆ ಯಾರೇ ಬರಲಿ, ಮೊದಲು ತಾಮುಲ್, ವೀಳ್ಯದೆಲೆ. ಅದನ್ನು ಹಸಿಯಾಗಿಯೇ ತಿನ್ನುತ್ತಾರೆ. ನಾವು ಬೇಯಿಸಿ ಒಣಗಿಸುವುದನ್ನು ನೋಡಿ ಅವರಿಗೆ ನಗು.

ತೋಟದಮನೆ, ತೀರ್ಥಹಳ್ಳಿ

ಅದು ನಿಜ. ವಾಪಸ್ ಬಂದವನು ಒಂದು ಚೀಲ ಹಸಿ ಅಡಿಕೆ ತಂದುಕೊಟ್ಟಿದ್ದ. ಅಡಿಕೆ ತೋಟದವನಿಗೇ ಅಡಿಕೆ ತಂದಿದ್ದಾನಲ್ಲ ಅಂತ ಮನೆಯಲ್ಲಿ ನಕ್ಕಿದ್ದೆವು. ಅದು ಹೀಗೆ ಅಂತ ಗೊತ್ತಿರಲಿಲ್ಲ.

ಮಳೆಹುಳ

ಬಿಹು ಗಿಹು ಎಲ್ಲ ಇರಲಿ. ಮೂಲ ಕಾರಣ ಗ್ಯಾರಂಟಿ. ಮನೆಯಲ್ಲಿ ಕೂತರೆ ತಿಂಗಳಿಗೆ ಎರಡು ಸಾವಿರ, ಅಕ್ಕಿ, ಬಸ್ಸು. ಊರಿನವರು ತೋಟಕ್ಕೆ ಯಾಕೆ ಬರುತ್ತಾರೆ? ಅದಕ್ಕೇ ನಾವು ಅಸ್ಸಾಂ, ಜಾರ್ಖಂಡ್ ಅಂತ ಹುಡುಕಬೇಕಾಗಿರುವುದು.

ಸೊರಬದವಳು

ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್‌ನಲ್ಲಿ. ಆಳು ಸಿಗದೆ ಏಳೆಂಟು ವರ್ಷ ಆಯಿತು ಅಂತ ಮೊದಲನೇ ಪೋಸ್ಟಲ್ಲೇ ಇದೆ. ಸ್ವಲ್ಪ ಓದಿ ಬರೆಯಿರಿ. ನಮ್ಮೂರಿನ ಆಳಿನ ಮಕ್ಕಳು ಡಿಪ್ಲೊಮಾ ಮಾಡಿ ಬಿಡದಿಗೆ, ಬೊಮ್ಮಸಂದ್ರಕ್ಕೆ ಹೋದರು. ನಿಮ್ಮ ಮಕ್ಕಳೂ ಹೋದರು. ನಿಮ್ಮ ಮಕ್ಕಳು ಹೋದರೆ ಪ್ರತಿಭೆ, ಅವರು ಹೋದರೆ ಸೋಮಾರಿತನ.

ಮಳೆಹುಳ

ಅಕ್ಕ, ನೀವು ಯಾವ ಪಾರ್ಟಿ?

ಸೊರಬದವಳು

ಹೋಳಿಗೆ ಪಾರ್ಟಿ. ಮುಂದೆ ಹೋಗಿ.

ಹಾವೇರಿ ಹುಡುಗ

ನಾನು ಬಯಲುಸೀಮೆಯವನು. ಆರು ವರ್ಷ ಅಡಿಕೆ ಸುಲಿಯಲು ನಿಮ್ಮ ಕಡೆ ಬಂದಿದ್ದೇನೆ. ನಮ್ಮ ಊರಿಂದ ಒಂದು ಗಾಡಿ ತುಂಬ ಜನ. ಅವ್ವ, ಚಿಕ್ಕವ್ವ ಎಲ್ಲರೂ. ರಾತ್ರಿ ಒಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಸುಲಿದಿದ್ದೇವೆ. ಬೆರಳು ಕಪ್ಪಾಗಿದ್ದು ಯುಗಾದಿ ತನಕ ಹೋಗುತ್ತಿರಲಿಲ್ಲ.

ನಮ್ಮ ಬಗ್ಗೆ ಮಾಲೀಕರು ಏನು ಹೇಳುತ್ತಿದ್ದರು ಗೊತ್ತಾ? "ಇವರು ಅಮಾವಾಸ್ಯೆಗೆ ಊರಿಗೆ, ಜಾತ್ರೆಗೆ ಊರಿಗೆ, ಯಾರೋ ಸತ್ತರೆ ಊರಿಗೆ. ಅಸ್ಸಾಂನವರೇ ವಾಸಿ, ಎಲ್ಲಿಗೂ ಹೋಗುವುದಿಲ್ಲ." ಅವರು ಶ್ರಮಜೀವಿಗಳು ಅಂತ ಅಲ್ಲ ರೀ. ಹೋಗಿಬರಲು ವಾರ ಬೇಕು, ಅದಕ್ಕೆ ಹೋಗುವುದಿಲ್ಲ. ಊರು ದೂರ ಇದ್ದಷ್ಟೂ ಒಳ್ಳೆ ಕೆಲಸಗಾರ ಅನ್ನುವ ಲೆಕ್ಕ ನಿಮ್ಮದು. ಈಗ ಅವರೂ ಹಬ್ಬಕ್ಕೆ ಹೋಗಲು ಶುರು ಮಾಡಿದರು. ಮುಂದೆ ಎಲ್ಲಿಂದ ತರುತ್ತೀರಿ?

ಕೊಪ್ಪ ಕಾಫಿ

ಬೇಜಾರಾಗಬೇಡಿ ತಮ್ಮಾ, ಆದರೆ ಕೂಲಿಗೆ ಸುಲಿದ ಅಡಿಕೆಯ ಡಬ್ಬ ಎಣಿಸುವಾಗ ನಿಮ್ಮವರು ಸಿಪ್ಪೆ ಸೇರಿಸುವುದೂ ಉಂಟು.

ಹಾವೇರಿ ಹುಡುಗ

ನಿಮ್ಮವರ ಡಬ್ಬದ ತಳ ಉಬ್ಬಿರುವುದೂ ಉಂಟು ಸಾಹೇಬ್ರೇ.

ಘಟ್ಟದ ಕೆಳಗಿನವ

ಈ ಡಬ್ಬದ ಜಗಳ ನಮ್ಮಜ್ಜಿ ಕಾಲದಿಂದ ಇದೆ 😂

ನಮ್ಮಜ್ಜಿ ಕಾರ್ಕಳದ ಕಡೆಯವರು. ಆಗುಂಬೆ ಘಾಟಿಯನ್ನು ನಡೆದೇ ಹತ್ತಿ ಬಂದು ತೋಟದ ಕೆಲಸಕ್ಕೆ ಸೇರಿದವರು. ಆಗ ಕೆಳಗಿನಿಂದ ಹೀಗೆ ಬರುವುದಕ್ಕೆ "ಘಟ್ಟಕ್ಕೆ ಹೋಗುವುದು" ಅಂತಲೇ ಹೆಸರು. ಮೇಸ್ತ್ರಿ ಮುಂಗಡ ಕೊಟ್ಟು ಕರೆದುಕೊಂಡು ಬರುತ್ತಿದ್ದ. ಧಣಿಗಳ ಮನೆಯಲ್ಲಿ ಅಜ್ಜಿ ಬಗ್ಗೆ "ಪಾಪ, ಉಣ್ಣಲು ಗತಿ ಇಲ್ಲದೆ ಬಂದದ್ದು" ಅನ್ನುತ್ತಿದ್ದರಂತೆ. ಅಜ್ಜಿಯೂ ಹೌದೌದು ಅನ್ನುತ್ತಿದ್ದರು. ಹಾಗಂದರೆ ಎರಡು ಸೇರು ಅಕ್ಕಿ ಜಾಸ್ತಿ ಸಿಗುತ್ತಿತ್ತು.

ನಮಗೆ ಹೇಳುತ್ತಿದ್ದ ಕಾರಣವೇ ಬೇರೆ. ಅತ್ತೆ ಕಾಟ. ಘಟ್ಟದ ಮೇಲೆ ಅತ್ತೆ ಇರಲಿಲ್ಲ. ಅಷ್ಟೇ.

ಸೊರಬದವಳು

ಅಜ್ಜಿಗೆ ಒಂದು ನಮಸ್ಕಾರ ಹೇಳಿ!

ಘಟ್ಟದ ಕೆಳಗಿನವ

ತೀರಿಕೊಂಡು ಹತ್ತು ವರ್ಷ ಆಯಿತು. ಆದರೂ ಹೇಳುತ್ತೇನೆ.

ಆಶಾಕ್ಕ

ನಾನು ಆಶಾ ಕಾರ್ಯಕರ್ತೆ. ಊರು ಬೇಡ. ಸುಮ್ನೆ ಓದಿಕೊಂಡು ಹೋಗುವವಳು, ಇವತ್ತು ಬರೆಯಬೇಕು ಅನಿಸಿತು.

ಮಂಗನ ಕಾಯಿಲೆ ಎಲ್ಲರಿಗೂ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಡಿಸೆಂಬರ್‌ನಿಂದ ಮೇ ತನಕ ನಮಗೆ ಅದೇ ಓಡಾಟ. ಕಾಡಿಗೆ ದರಗು (ಒಣ ಎಲೆ), ಸೊಪ್ಪು ತರಲು ಹೋಗುವವರು ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಕಾಯಿಲೆ ಹರಡುವ ಉಣುಗು ಹುಳ ಕಚ್ಚಬಾರದು. ಈಗ ದರಗು ತರುವವರು ಯಾರು? ಇವರೇ.

ಒಬ್ಬರ ತೋಟದ ಲೈನಿಗೆ (ಆಳುಗಳ ಮನೆಸಾಲಿಗೆ) ಎಣ್ಣೆ ಬಾಟಲಿ ಹಿಡಿದು ಹೋದೆ. ಮಾಲೀಕರು "ಅವರಿಗೆ ಇದೆಲ್ಲ ಬೇಡಮ್ಮ, ಅವರಿಗೆ ಬೇಕಾದ್ದು ಕೂಲಿ ಮಾತ್ರ" ಅಂದರು. ನಾನು ಬಂದದ್ದು ಕಂಡು ಎಲ್ಲರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೂ ಹಾಗೇ ಅನಿಸಿತು, ಇವರಿಗೆ ಆರೋಗ್ಯದ ಚಿಂತೆ ಇಲ್ಲ ಅಂತ. ವರದಿಯಲ್ಲಿ "ಸಹಕರಿಸುತ್ತಿಲ್ಲ" ಅಂತ ಬರೆದೆ. ನಾವೆಲ್ಲ ಹಾಗೇ ಬರೆಯುವುದು.

ಮೂರನೇ ಸಲ ಹೋದಾಗ ರಿಜಿಸ್ಟರ್ ಬ್ಯಾಗಲ್ಲೇ ಇಟ್ಟುಕೊಂಡೆ. ನನ್ನ ಮಗಳನ್ನು ಕರೆದುಕೊಂಡು ಹೋದೆ, ಅವಳಿಗೆ ಹಿಂದಿ ಬರುತ್ತದೆ. ಆವತ್ತು ಬಾಗಿಲು ತೆರೆಯಿತು. ಆಮೇಲೆ ಗೊತ್ತಾಯಿತು, ಅವರು ಹೆದರಿದ್ದು ನನಗಲ್ಲ, ರಿಜಿಸ್ಟರ್‌ಗೆ. ಹೆಸರು ಬರೆದುಕೊಳ್ಳಲು ಬಂದವರು ಅಂದರೆ ಅವರ ಊರಲ್ಲಿ ಬೇರೆಯೇ ಅರ್ಥ ಇದೆಯಂತೆ. ಒಬ್ಬ ಹುಡುಗಿ ಕಾಲು ತೋರಿಸಿದಳು. ಮೊಣಕಾಲ ಹಿಂದೆ ಉಣುಗು ಇನ್ನೂ ಕಚ್ಚಿಕೊಂಡೇ ಇತ್ತು, ಎಳ್ಳಿನಷ್ಟು. ಅವಳು ಅದನ್ನು ಮಚ್ಚೆ ಅಂದುಕೊಂಡಿದ್ದಳು.

ಈಗ ನಾನೇ ಹೋಗದಿದ್ದರೆ ಫೋನ್ ಮಾಡುತ್ತಾರೆ, "ದೀದಿ ತೇಲ್" ಅಂತ.

ಬ್ರಹ್ಮಪುತ್ರ ಕಂಡವ, ಸಾಗರ

ಅಕ್ಕ, ರಿಜಿಸ್ಟರ್ ವಿಷಯ ಸರಿಯಾಗಿ ಹೇಳಿದಿರಿ. ಎನ್‌ಆರ್‌ಸಿ, ಅಂದರೆ ಅಸ್ಸಾಂನ ಪೌರತ್ವ ನೋಂದಣಿಯ ಕೊನೆ ಪಟ್ಟಿ 2019ರ ಆಗಸ್ಟ್ 31ಕ್ಕೆ ಬಂತು. 3 ಕೋಟಿ 30 ಲಕ್ಷ ಜನ ಅರ್ಜಿ ಹಾಕಿದ್ದರು, 19 ಲಕ್ಷಕ್ಕಿಂತ ಜಾಸ್ತಿ ಜನರ ಹೆಸರು ಬರಲಿಲ್ಲ. ಒಂದೇ ಮನೆಯಲ್ಲಿ ಅಪ್ಪನ ಹೆಸರು ಇದೆ, ಮಗನದ್ದು ಇಲ್ಲ. ಕಾಗದ ತೋರಿಸಲು ಊರಿಗೆ ಓಡುವವರು ಎಷ್ಟೋ ಜನ. ಅದನ್ನು ಇಲ್ಲಿ ಸೇಠ್ ಹತ್ತಿರ ಹೇಳಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಅದಕ್ಕೆ "ಅಮ್ಮನಿಗೆ ಹುಷಾರಿಲ್ಲ" ಅನ್ನುತ್ತಾರೆ.

ಕೇಸರಿ ಕೊಡೆ

ಅವರೆಲ್ಲ ಬಾಂಗ್ಲಾದವರು. ಆಧಾರ್ ನಕಲಿ. ಇದನ್ನು ಯಾರೂ ಹೇಳುವುದಿಲ್ಲ.

ಸೊರಬದವಳು

ಎಲ್ಲರೂ ಅದನ್ನೇ ಹೇಳುತ್ತಾರೆ ಮಾರಾಯ.

ಹಳೆ ಗುಮಾಸ್ತ, ಶಿವಮೊಗ್ಗ

ಆಧಾರ್ ಅಸಲಿ ಆಗಿದ್ದರೂ ಅದು ಪೌರತ್ವದ ದಾಖಲೆ ಅಲ್ಲ. ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅನುಮಾನ ಇದ್ದರೆ ಠಾಣೆಗೆ ಹೇಳಿ. ಮುಖ ನೋಡಿ ದೇಶ ಹೇಳುವ ವಿದ್ಯೆ ಇಲ್ಲಿ ಯಾರಿಗೂ ಇಲ್ಲ.

ನಿರ್ವಾಹಕ

ಈ ದಾರಿಯಲ್ಲಿ ಮುಂದೆ ಬಂದ ಎರಡು ಕಾಮೆಂಟ್ ತೆಗೆದಿದ್ದೇನೆ. ಅಡಿಕೆಗೆ ವಾಪಸ್ ಬನ್ನಿ.

ಟೊರೊಂಟೊ ಸಾಗರ

ಓದುತ್ತಾ ನಗು ಬಂತು, ಆಮೇಲೆ ನಗು ಹೋಯಿತು. ನಾನು ಸಾಗರದವನು, ಕೆನಡಾಕ್ಕೆ ಬಂದದ್ದು 2016ರಲ್ಲಿ. ಕೈಯಲ್ಲಿ ಎಂ.ಟೆಕ್, ಎಂಟು ವರ್ಷದ ಅನುಭವ. ಹೊಸದಾಗಿ ಬಂದವರಿಗೆ ಕೆಲಸ ಹುಡುಕಿಕೊಡಲು ಇಲ್ಲಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೇಂದ್ರಗಳಿವೆ. ಅಲ್ಲಿ ಕೂತಿದ್ದ ಹೆಂಗಸು ಒಳ್ಳೆಯವರೇ. ನನ್ನ ಬಯೋಡೇಟಾ ನೋಡಿ ಎಂ.ಟೆಕ್ ಸಾಲಿನ ಮೇಲೆ ಪೆನ್ಸಿಲಲ್ಲಿ ಗೀಟು ಎಳೆದರು. "ಇದಿದ್ದರೆ ಗೋಡೌನ್ ಕೆಲಸ ಸಿಗುವುದಿಲ್ಲ. ನಿನಗೆ ಈಗ ಬೇಕಾದ್ದು ಮನೆ ಬಾಡಿಗೆ ಅಲ್ವಾ?" ನನಗೆ ಬೇಕಾದ್ದು ಏನು ಅಂತ ನಾನು ಬಾಯಿ ಬಿಡುವ ಮೊದಲೇ ಅವರಿಗೆ ಗೊತ್ತಿತ್ತು.

ಕೆಲಸ ಕೊಡುವವರು ಇನ್ನೊಂದು ತರ. "ಕೆನಡಾ ಅನುಭವ ಇದೆಯಾ?" ಹೀಗೆ ಕೇಳುವುದೇ ಮೇಲ್ನೋಟಕ್ಕೆ ತಾರತಮ್ಯ ಅಂತ ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. ಆದರೂ ಕೇಳಿದರು. ಪೌರತ್ವ ಸಿಕ್ಕ ಕೂಡಲೇ ಬಿಟ್ಟು ಹೋಗುತ್ತಾನೆ ಅನ್ನುವ ಅನುಮಾನ ಬೇರೆ.

ಗೋಡೌನಲ್ಲಿ ಸೂಪರ್‌ವೈಸರ್ ನನ್ನ ಬೆನ್ನು ತಟ್ಟಿ ಹೇಳಿದ, "ನಿಮ್ಮವರು ಚೆನ್ನಾಗಿ ದುಡಿಯುತ್ತೀರಿ, ಕಂಪ್ಲೇಂಟ್ ಮಾಡುವುದಿಲ್ಲ." ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ತೋಟಕ್ಕೆ ಹೊಸ ಹುಡುಗರು ಬಂದಿದ್ದರು. ಅಪ್ಪ ಹೇಳಿದ್ದೂ ಇದೇ ಮಾತು, "ಚೆನ್ನಾಗಿ ದುಡಿಯುತ್ತಾರೆ, ಎದುರು ಮಾತಿಲ್ಲ." ತೋಟದಮನೆಯವರು ಬರೆದದ್ದೂ ಅದೇ.

ಹಾವೇರಿ ಹುಡುಗ

ಅಣ್ಣಾ, ನೀವು ವಿಮಾನದಲ್ಲಿ ಹೋದವರು. ಅವರು ಜನರಲ್ ಬೋಗಿಯಲ್ಲಿ ಮೂರು ದಿನ ಕಕ್ಕಸಿನ ಪಕ್ಕ ಕೂತು ಬಂದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಟೊರೊಂಟೊ ಸಾಗರ

ಒಪ್ಪಿದೆ. ನಾನು ತೂಗಿದ್ದು ಬೆನ್ನು ತಟ್ಟಿದವರನ್ನು.

ಹಳೆ ಗುಮಾಸ್ತ, ಶಿವಮೊಗ್ಗ

ತೋಟದಮನೆಯವರೇ, ಒಂದು ಲೆಕ್ಕ ಮಾಡೋಣ. ಬೇಜಾರು ಮಾಡಿಕೊಳ್ಳಬೇಡಿ, ಜೀವನಪೂರ್ತಿ ಲೇಬರ್ ಕಡತಗಳನ್ನೇ ನೋಡಿ ರಿಟೈರ್ ಆದವನು.

ಮೂರನೆಯವನು ಆ ಹಂಗಾಮಿನಲ್ಲಿ ಎಷ್ಟು ದಿನ ಕೆಲಸ ಮಾಡಿದ? ನವೆಂಬರ್ ಮೊದಲ ವಾರದಿಂದ ಅಂತ ಇಟ್ಟುಕೊಂಡರೆ ಸುಮಾರು 60 ದಿನ. 600ರಂತೆ 36 ಸಾವಿರ. ಅರ್ಧ ಕೊಟ್ಟಿದ್ದೀರಿ. ಉಳಿದ 18 ಸಾವಿರ ನಿಮ್ಮ ಹತ್ತಿರ. ಅದರಲ್ಲಿ ಅಡ್ವಾನ್ಸ್ 10 ಸಾವಿರ ಕಳೆಯಿರಿ. ಎಷ್ಟು ಉಳಿಯಿತು?

ಅವನ ತಲೆ ಮೇಲೆ 10 ಸಾವಿರ ಇಲ್ಲ. ನಿಮ್ಮ ತಲೆ ಮೇಲೆ 8 ಸಾವಿರ ಇದೆ.

ಇನ್ನು ಕಾನೂನು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನ ಮೂಲಕ ಬಂದ ಐದು ಜನ ಇದ್ದರೆ ಮಾತ್ರ ತಾಗುತ್ತಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದವು. ಅದರಲ್ಲಿ ತಾವೇ ಬಂದವರನ್ನೂ ವಲಸೆ ಕಾರ್ಮಿಕರು ಅಂತ ಒಪ್ಪಿದ್ದಾರೆ, ಆದರೆ ಹತ್ತು ಜನ ಇರಬೇಕು. ನಿಮ್ಮ ಮೂವರಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. 1951ರ ಪ್ಲಾಂಟೇಶನ್ ಕಾಯ್ದೆಯಲ್ಲಿ ಟೀ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ ಇತ್ತು. ಅಡಿಕೆಯ ಹೆಸರೇ ಇರಲಿಲ್ಲ. ಕಾಫಿ ಎಸ್ಟೇಟಿನವರಾದರೆ ಐದು ಹೆಕ್ಟೇರ್, ಹದಿನೈದು ಆಳು ಇದ್ದರೆ ಮನೆ, ನೀರು ಎಲ್ಲ ಕೊಡಬೇಕಿತ್ತು. ಪಕ್ಕದ ಅಡಿಕೆ ತೋಟದವರಿಗೆ ಏನೂ ಇಲ್ಲ.

ಆದರೆ ಕನಿಷ್ಠ ಕೂಲಿ ನಿಮಗೂ ತಾಗುತ್ತದೆ. ದುಡಿದ ಕೂಲಿ ಹಿಡಿದಿಟ್ಟುಕೊಳ್ಳುವುದು ಎಲ್ಲೂ ಒಪ್ಪುವ ಮಾತಲ್ಲ. ಸಾಲ ಇದೆ ಅಂತ ಆಳನ್ನು ಬಿಡದಿದ್ದರೆ ಅದಕ್ಕೆ 1976ರ ಜೀತ ಕಾಯ್ದೆ ಬೇರೆ ಇದೆ. ನೀವು ಅಷ್ಟು ಮಾಡಿಲ್ಲ, ಹೋಗಲು ಬಿಟ್ಟಿದ್ದೀರಿ. ಹೆದರಿಸಲು ಹೇಳಿದ್ದಲ್ಲ.

ಒಂದು ತಮಾಷೆ ನೋಡಿ. ಆ 1979ರ ಕಾಯ್ದೆಯಲ್ಲೂ ಊರಿಂದ ಬರುವ, ವಾಪಸ್ ಹೋಗುವ ಪ್ರಯಾಣ ಭತ್ಯೆ ಇತ್ತು. ಮನುಷ್ಯ ಊರಿಗೆ ಹೋಗುತ್ತಾನೆ ಅಂತ ದೆಹಲಿಯಲ್ಲಿ ಕೂತವರಿಗೂ ಗೊತ್ತಿತ್ತು.

ಮಳೆಹುಳ

8 ಸಾವಿರ 😳

ತೋಟದಮನೆ, ತೀರ್ಥಹಳ್ಳಿ

ಒಂದು ಗಂಟೆ ಈ ಮೆಸೇಜ್ ನೋಡಿಕೊಂಡು ಕೂತಿದ್ದೆ. ಪುಸ್ತಕ ತೆಗೆದು ನೋಡಿದೆ. 57 ದಿನ. ಒಟ್ಟು 34,200. ಅರ್ಧ 17,100. ಅಡ್ವಾನ್ಸ್ ಕಳೆದರೆ 7,100. ನಾನು ಇಷ್ಟು ದಿನ ಅವನೇ ನನಗೆ ಮೋಸ ಮಾಡಿದ ಅಂತ ಊರೆಲ್ಲ ಹೇಳಿಕೊಂಡು ಬಂದಿದ್ದೇನೆ.

ಆದರೆ ಒಂದು ಮಾತು. ಕೆಟ್ಟ ಬುದ್ಧಿಯಿಂದ ಇಟ್ಟುಕೊಂಡದ್ದಲ್ಲ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು.

ಕೊಪ್ಪ ಕಾಫಿ

ಎಲ್ಲರೂ ಮಾಡುವುದೇ. ಅದರಲ್ಲಿ ಎಂತ ತಪ್ಪು? ಕೈಗೆ ಕೊಟ್ಟರೆ ವೈನ್‌ಶಾಪಿಗೆ ಹೋಗುತ್ತದೆ.

ಹಾವೇರಿ ಹುಡುಗ

ನಿಮ್ಮ ಕಾಫಿ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ?

ಹೊಸನಗರ ಹೆಂಗಸು

ವೈನ್‌ಶಾಪಿನ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಜಾರ್ಖಂಡ್‌ನ ಗಂಡ ಹೆಂಡತಿ ಇದ್ದಾರೆ. ಮೊದಲು ಇಬ್ಬರ ಕೂಲಿಯನ್ನೂ ಗಂಡನ ಕೈಗೇ ಕೊಡುತ್ತಿದ್ದೆವು. ಅವಳು "ಜೊತೆಗೆ ಬಂದವಳು" ಅಂತಲೇ ನಮ್ಮ ತಲೆಯಲ್ಲಿ. ಒಂದು ದಿನ ಸೊಪ್ಪು ಕೊಚ್ಚುತ್ತಾ ಅವಳೇ ಹೇಳಿದಳು, ಇಲ್ಲಿಗೆ ಹೊರಟದ್ದು ತಾನಂತೆ, ಗಂಡನನ್ನು ಎಳೆದುಕೊಂಡು ಬಂದದ್ದು. ತಂಗಿಗೆ ನರ್ಸಿಂಗ್ ಓದಿಸುತ್ತಿದ್ದಾಳೆ! ಅವತ್ತಿನಿಂದ ಅವಳದ್ದು ಅವಳ ಖಾತೆಗೆ. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ, ಆಮೇಲೆ ಸರಿಯಾದ.

ಮೀನುಗಂಪು

ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಲೇಬರ್ ರೂಮಲ್ಲಿ ಮೀನು, ಮಾಂಸ ಬೇಯಿಸಬಾರದು. ಬರೆದಿಟ್ಟ ರೂಲ್ ಅಲ್ಲ, ಆದರೆ ರೂಲೇ. ಅವರಿಗೆ ಮೀನಿಲ್ಲದ ಊಟ ಊಟವೇ ಅಲ್ಲ. ನಮ್ಮ ಪಕ್ಕದ ತೋಟದವರು ದಿನಕ್ಕೆ 50 ಕಡಿಮೆ ಕೊಡುತ್ತಾರೆ, ಆದರೂ ಆಳು ಅಲ್ಲೇ. ಯಾಕೆ ಅಂದರೆ ಹಳ್ಳದಲ್ಲಿ ಏಡಿ ಹಿಡಿಯಲು ಬಿಡುತ್ತಾರೆ. ಇದನ್ನು ಯಾವ ಸೇಠ್ ಹತ್ತಿರ ಹೇಳುತ್ತಾರೆ?

ತೋಟದಮನೆ, ತೀರ್ಥಹಳ್ಳಿ

ನಮ್ಮ ಮನೆಯಲ್ಲೂ ಆ ಮಾತಿದೆ. ಅಮ್ಮ ಇರುವ ತನಕ ಅದು ಬದಲಾಗುವುದಿಲ್ಲ. ಸುಳ್ಳು ಯಾಕೆ ಹೇಳಲಿ.

ಮೇಷ್ಟ್ರು, ರಿಪ್ಪನ್‌ಪೇಟೆ

ಶಾಲೆ ಕಡೆಯಿಂದ ಒಂದು ಮಾತು. ಒಂದು ಮಗುವನ್ನು ದಾಖಲು ಮಾಡಲು ಹೋದಾಗ "ಇವತ್ತಿದ್ದು ನಾಳೆ ಹೋಗುವವರು, ಸುಮ್ನೆ ಯಾಕೆ" ಅಂತ ನಾನೇ ಅಂದಿದ್ದೆ. ನಾಚಿಕೆಯಾಗುತ್ತದೆ. ಆ ಸಂಸಾರ ಇಲ್ಲಿ ಆರು ವರ್ಷದಿಂದ ಇದೆ. ನನಗೆ ನಡುವೆ ಎರಡು ಸಲ ವರ್ಗ ಆಯಿತು. ಇವತ್ತಿದ್ದು ನಾಳೆ ಹೋಗುವವನು ನಾನೇ. ಹುಡುಗಿ ಈಗ ನಾಲ್ಕನೇ ಕ್ಲಾಸು, ಆಸ್ಪತ್ರೆಯಲ್ಲಿ ಅವರ ಲೈನಿನವರಿಗೆಲ್ಲ ಅವಳೇ ದುಭಾಷಿ. ಡಾಕ್ಟರ್ ಹತ್ತಿರ "ಇವರಿಗೆ ಹೊಟ್ಟೆ ತೊಳೆಸುತ್ತೆ" ಅಂತ ಅಪ್ಪಟ ಹೊಸನಗರ ಕನ್ನಡದಲ್ಲಿ ಹೇಳುತ್ತಾಳೆ.

ರೇಷನ್ನೂ ಹಾಗೇ. ಒಂದು ದೇಶ ಒಂದು ಪಡಿತರ ಚೀಟಿಗೆ ಅಸ್ಸಾಂ ಕೊನೆಯದಾಗಿ ಸೇರಿದ್ದು 2022ರ ಜೂನ್‌ನಲ್ಲಿ. ಅಂದರೆ ಅವರ ಊರಿನ ಕಾರ್ಡಿನ ಮೇಲೆ ಇಲ್ಲಿ ಬೆರಳಚ್ಚು ಕೊಟ್ಟು ಅಕ್ಕಿ ತೆಗೆದುಕೊಳ್ಳಬಹುದು. ಹೇಳಿದವರು ಯಾರು? ಅಂಗಡಿಯವರು "ಇದು ಇಲ್ಲಿ ನಡೆಯಲ್ಲ" ಅಂದರೆ ಅಷ್ಟೇ, ವಾಪಸ್. ಆಮೇಲೆ ನಾವು ಮೀಟಿಂಗಲ್ಲಿ ಹೇಳುತ್ತೇವೆ, ಅವರಿಗೆ ಆಸಕ್ತಿ ಇಲ್ಲ ಅಂತ.

ಭದ್ರಾವತಿ ಹುಡುಗ

ನಮ್ಮ ಭದ್ರಾವತಿಗೆ ಬನ್ನಿ ಸಾರ್. ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರುವಾಯಿತು. ಊರಿಗೆ ಊರೇ ಹೊರಗಿಂದ ಬಂದವರು. ನಮ್ಮ ತಾತ ಸೇಲಂ ಕಡೆಯವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು. ನೀವು ಯಾಕೆ ಬಂದಿರಿ ಅಂತ ಈಗ ಯಾರೂ ಕೇಳುವುದಿಲ್ಲ. ನನ್ನನ್ನು ಬೆಂಗಳೂರಲ್ಲಿ ಕೇಳುತ್ತಾರೆ, ಅದು ಬೇರೆ.

ದೋಟಿವೀರ

ಇಷ್ಟೆಲ್ಲ ಯಾಕೆ, ಕಾರ್ಬನ್ ಫೈಬರ್ ದೋಟಿ ತೆಗೆದುಕೊಳ್ಳಿ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು. ಸುಲಿಯಲು ಮೆಷಿನ್. ಯಾರ ಹಂಗೂ ಇಲ್ಲ.

ಮಳೆಹುಳ

ದೋಟಿ ಹಿಡಿಯುವವನು ಯಾರು? ನಿಮ್ಮ ಕತ್ತು ನೋವು ಬಂದು ಮಲಗಿದ್ದು ಹೋದ ವರ್ಷವೇ ಅಲ್ವಾ? ಮೆಷಿನ್ನಿನಲ್ಲಿ ಗೋಟು (ಒಣಗಿದ ಹಣ್ಣಡಿಕೆ) ಎಷ್ಟು ಒಡೆಯಿತು ಅಂತಲೂ ಹೇಳಿ.

ದೋಟಿವೀರ

ಅದು ಬೇರೆ ವಿಷಯ.

ತೋಟದಮನೆ, ತೀರ್ಥಹಳ್ಳಿ

ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ವಾಪಸ್ ಬಂದಿದ್ದ ಇಬ್ಬರಲ್ಲಿ ಒಬ್ಬ ಈಗ ಊರಲ್ಲಿದ್ದಾನೆ, ಅವನಿಗೆ ಫೋನ್ ಮಾಡಿದೆ. ನನ್ನ ಹಿಂದಿ ನಿಮಗೆ ಗೊತ್ತಿಲ್ಲ, ಗೊತ್ತಿಲ್ಲದಿದ್ದರೇ ಒಳ್ಳೆಯದು. ಮೊದಲು ಮೂರನೆಯವನ ಖಾತೆ ನಂಬರ್ ಕೇಳಿದೆ. ನಾನು ದುಡ್ಡು ವಾಪಸ್ ಕೇಳಲು ಫೋನ್ ಮಾಡಿದೆ ಅಂದುಕೊಂಡು "ದೇ ದೇಗಾ ಸೇಠ್, ದೇ ದೇಗಾ" ಅನ್ನುತ್ತಲೇ ಇದ್ದ. ಕೊಡಬೇಕಾದ್ದು ನಾನು ಅಂತ ಅರ್ಥ ಮಾಡಿಸಲು ಐದು ನಿಮಿಷ ಬೇಕಾಯಿತು.

ಆಮೇಲೆ ಕೇಳಿದೆ, ಅವನು ಯಾಕೆ ಬರಲಿಲ್ಲ? ಅವನ ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದಾರಂತೆ. ಪ್ರತಿ ವಾರ ಕಂತು. ಮಂಗಳವಾರ ಬೆಳಿಗ್ಗೆ ಫೈನಾನ್ಸಿನವನು ಮನೆ ಮುಂದೆ ಬಂದು ಕೂರುತ್ತಾನೆ. ನಾನು ತಿಂಗಳಿಗೊಮ್ಮೆ ಕೊಡುತ್ತಿದ್ದೆ, ಅದೂ ಅರ್ಧ. ಅದಕ್ಕೆ ಅವನು ಈಗ ಬಾಳೆಹೊನ್ನೂರು ಕಡೆ ಒಂದು ಕಾಫಿ ಎಸ್ಟೇಟಲ್ಲಿದ್ದಾನೆ. ದಿನಕ್ಕೆ 550. ನನಗಿಂತ ಕಡಿಮೆ! ಆದರೆ ಶನಿವಾರ ಸಂಜೆ ಪೂರ್ತಿ ಬಟವಾಡೆ.

ಅವನನ್ನು ನಿಲ್ಲಿಸಿಕೊಳ್ಳಲು ಅಂತ ನಾನು ದುಡ್ಡು ಹಿಡಿದಿಟ್ಟೆ. ಅವನು ಹೋದದ್ದೇ ಅದಕ್ಕೆ.

ಸೊರಬದವಳು

ವಾರದ ಕಂತು! ಇದು ನಮ್ಮೂರಿಗೆ ಹೊಸತಾ? ನಮ್ಮ ಬೀದಿಯಲ್ಲಿ ಬುಧವಾರ. ಕಂತು ವಸೂಲಿಯ ಕಿರುಕುಳಕ್ಕೆ ಅಂತ ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತ್ತಲ್ಲ. ಅಲ್ಲೂ ಅದೇ ಕಥೆ.

ಬ್ರಹ್ಮಪುತ್ರ ಕಂಡವ, ಸಾಗರ

ಅಸ್ಸಾಂನಲ್ಲಿ ಆ ಸಾಲ ಚುನಾವಣೆ ವಿಷಯವೇ ಆಗಿತ್ತು, 2021ರಲ್ಲಿ ಸರ್ಕಾರ ಪರಿಹಾರ ಯೋಜನೆ ತಂದಿತು. ಅಲ್ಲಿ ದುಡಿದು ಕಟ್ಟೋಣ ಅಂದರೆ, ಬ್ರಹ್ಮಪುತ್ರ ಕಣಿವೆಯ ಟೀ ತೋಟದಲ್ಲಿ ದಿನಗೂಲಿ 232ರಿಂದ 250ಕ್ಕೆ ಏರಿದ್ದು 2023ರ ಅಕ್ಟೋಬರ್‌ನಲ್ಲಿ. ಇಲ್ಲಿ 550. ಲೆಕ್ಕ ನೀವೇ ಮಾಡಿ.

ಕೊಪ್ಪ ಕಾಫಿ

ನೋಡಿ, ಕೊನೆಗೂ ದುಡ್ಡೇ ಕಾರಣ. ನಾನು ಮೊದಲೇ ಹೇಳಿದ್ದೆ.

ಘಟ್ಟದ ಕೆಳಗಿನವ

ನೀವು ಹೇಳಿದ್ದು ನಿಯತ್ತಿಲ್ಲ ಅಂತ. ಅಮ್ಮನ ಕಂತಿಗೆ 50 ರೂಪಾಯಿ ಬಿಟ್ಟು ಹೋದವನಿಗೆ ನಿಯತ್ತಿಲ್ಲ ಅಂದರೆ ಇನ್ನು ಯಾರಿಗಿದೆ ಮಾರಾಯ್ರೇ.

ಹಳೆ ಗುಮಾಸ್ತ, ಶಿವಮೊಗ್ಗ

7,100 ಹೋಯಿತಾ?

ತೋಟದಮನೆ, ತೀರ್ಥಹಳ್ಳಿ

ಹೋಯಿತು ಸಾರ್. ಸ್ಕ್ರೀನ್‌ಶಾಟ್ ಹಾಕಬೇಕಾ? 😅

ಈ ಸಲ ಆ ಇಬ್ಬರು ಬರುತ್ತಾರಂತೆ. ಶನಿವಾರ ಬಟವಾಡೆ ಅಂತ ಒಪ್ಪಿದ್ದೇನೆ. ಜನವರಿ 10ರಿಂದ ಹದಿನೈದು ದಿನ ರಜೆ, ಹೋಗುವ ಟಿಕೆಟ್ ನಂದು. ಆ ಹದಿನೈದು ದಿನ ಹಂಡೆ ಮುಂದೆ ನಾನು, ತಮ್ಮ. ಬೆಂಗಳೂರಿಂದ ಮಗನನ್ನೂ ಕರೆದಿದ್ದೇನೆ, ರಜೆ ಸಿಗುವುದಿಲ್ಲ ಅಂದಿದ್ದಾನೆ.

ಮೀನಿನ ವಿಷಯ ಅಮ್ಮನ ಹತ್ತಿರ ಇನ್ನೂ ಎತ್ತಿಲ್ಲ. ಹಳ್ಳದ ಆಚೆ ಹಳೆ ಪಂಪ್‌ಹೌಸ್ ಇದೆ, ಅಲ್ಲಿ ಒಲೆ ಹೂಡಿಕೊಳ್ಳಿ ಅನ್ನೋಣ ಅಂತ.

ಈಗ ಇರುವ ತಾಪತ್ರಯ ಬೇರೆ. ಶನಿವಾರ ಸಂಜೆ ಪ್ರತಿ ವಾರ ಅಷ್ಟು ನಗದು ಎಲ್ಲಿಂದ ತರಲಿ? ಫೋನ್‌ಪೇ ಮಾಡೋಣ ಅಂದರೆ ನಮ್ಮನೆಯಲ್ಲಿ ನೆಟ್‌ವರ್ಕ್ ಇಲ್ಲ.

ಮಳೆಹುಳ

ಗುಡ್ಡ ಹತ್ತಿ. ಅವರ ಜೊತೆಗೇ ಹತ್ತಿ. ನಾವು ಹಾಗೇ ಮಾಡುವುದು, ಗೇರುಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ.

ದೋಟಿವೀರ

ದೋಟಿ ತುದಿಗೆ ಮೊಬೈಲ್ ಕಟ್ಟಿ.